ಉಗಿಗವಚದ ಕಲ್ಪನೆ

ಉಗಿಯ ಬಲದಿಂದ ನಡೆಯುವ ಕವಚವನ್ನು ತೊಟ್ಟು ಕಾದಾಡುವ ವೀರರ ಕಥೆಗಳು ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಈಗ ಹೇರಳವಾಗಿವೆ. ಕಲ್ಲಿದ್ದಲು, ಹಿತ್ತಾಳೆ, ಹೊಗೆಗಳ ಯುಗವನ್ನು ಅದ್ಭುತಲೋಕವಾಗಿ ಮಾಡಿಕೊಂಡ ಈ ಬರಹದ ಜಾತಿಗೆ ‘ಸ್ಟೀಂಪಂಕ್’ ಎಂಬ ಅರೆವಿನೋದದ ಹೆಸರನ್ನು ಇಟ್ಟವನು ಅಮೆರಿಕದ ಕಾದಂಬರಿಕಾರ ಕೆ. ಡಬ್ಲ್ಯು. ಜೀಟರ್, 1987ರಲ್ಲಿ ‘ಲೋಕಸ್’ ಪತ್ರಿಕೆಗೆ ಬರೆದ ಓಲೆಯಲ್ಲಿ. ಹೆಸರು ಹೊಸದಾದರೂ ವಸ್ತು ಹಳೆಯದು. ಇಂಥ ಕಥೆಗಳನ್ನು ಮಕ್ಕಳ ಆಟವೆಂದು ತಳ್ಳಿಹಾಕುವವರುಂಟು. ಕಲ್ಪಿತ ಲೋಕಕ್ಕೆ ಕಟ್ಟುಕಟ್ಟಳೆಗಳೇ ಇಲ್ಲವೆಂದು ಅವುಗಳ ಪಕ್ಷವನ್ನು ವಹಿಸುವವರೂ ಉಂಟು. ಈ ಎರಡನೆಯವರಿಂದಲೇ ಕಥೆಗೆ ಹೆಚ್ಚಿನ ಹಾನಿ.

ಕರ್ಣನ ಕವಚಕ್ಕೆ ತೂಕವೆಷ್ಟೆಂದು ಯಾವ ಸಹೃದಯನೂ ಕೇಳಲಾರನು. ಅದು ಸಹಜಕವಚ; ಮೈಯೊಡನೆ ಹುಟ್ಟಿ ಮೈಯೊಡನೆ ಬೆಳೆದದ್ದು. ಆದರೆ ಕವಿಯು ‘ಉಗಿ’ ಎಂಬ ಮಾತನ್ನು ನುಡಿದೊಡನೆಯೆ ಬೆಂಕಿ, ನೀರು, ಹಂಡೆ, ಕೊಳವೆಗಳು ಆ ಮಾತಿನ ಬೆನ್ನಹಿಂದೆ ಬಂದು ನಿಲ್ಲುತ್ತವೆ. ಕರೆದವುಗಳನ್ನು ಮತ್ತೆ ಹೊರಗೆ ನಿಲ್ಲಿಸುವುದು ಕ್ಷೇಮೇಂದ್ರನು ರಸದ ಜೀವವೆಂದು ಎಣಿಸಿದ ಔಚಿತ್ಯಕ್ಕೆ ಭಂಗ.

ಲೆಕ್ಕವನ್ನು ಸ್ವಲ್ಪ ನೋಡಬಹುದು. ದೃಢಕಾಯನಾದ ಒಬ್ಬ ಆಳು ದಿನವಿಡೀ ದುಡಿಯುವಾಗ ಹೊರಗೆಡಹುವ ಬಲವು ಒಂದು ಕುದುರೆಬಲದ ಹತ್ತರಲ್ಲೊಂದು ಪಾಲಿನಷ್ಟು. ಅವನ ಕವಚಕ್ಕೆ ಐದು ಕುದುರೆಬಲವನ್ನು ಕೊಡಬೇಕೆಂದು ಕಥೆಗಾರನು ಬಯಸಿದನೆನ್ನೋಣ. ಬಳಸಿದ ಉಗಿಯನ್ನು ಗಾಳಿಗೆ ಬಿಡುವ ಸಣ್ಣ ಯಂತ್ರವು ಗಂಟೆಗೆ ಒಂದೊಂದು ಕುದುರೆಬಲಕ್ಕೂ ಸುಮಾರು 30 ಪೌಂಡು ನೀರನ್ನು ಕುಡಿಯುತ್ತದೆ. ಎಂದರೆ ಒಂದು ಗಂಟೆಯ ಯುದ್ಧಕ್ಕೆ 150 ಪೌಂಡು ನೀರು! ಅದನ್ನು ಕಾಯಿಸಲು ಕಲ್ಲಿದ್ದಲು ಸುಮಾರು 20 ಪೌಂಡು ಸಾಕು. ಮಧ್ಯಯುಗದ ಯೂರೋಪಿನ ನೈಟನು ಅಡಿಯಿಂದ ಮುಡಿಯವರೆಗೆ ತೊಡುತ್ತಿದ್ದ ಉಕ್ಕಿನ ಕವಚದ ಭಾರವು ಬಹುಮಟ್ಟಿಗೆ 45ರಿಂದ 55 ಪೌಂಡು. ಹೀಗೆ ನಮ್ಮ ವೀರನನ್ನು ಬಗ್ಗಿಸುವುದು ಉಕ್ಕೂ ಅಲ್ಲ, ಇದ್ದಲೂ ಅಲ್ಲ, ನೀರು. ಇನ್ನೊಬ್ಬ ಮನುಷ್ಯನನ್ನು ಬೆನ್ನಮೇಲೆ ಹೊತ್ತಂತೆ ಅವನು ಯುದ್ಧಕ್ಕೆ ಹೊರಡಬೇಕು. ಉಗಿಯನ್ನು ತಣಿಸಿ ಮರಳಿ ನೀರಾಗಿಸಬಹುದೆಂದರೆ, ಅದಕ್ಕೆ ಬೇಕಾದ ಕೊಳವೆಗಳ ಹರಹು ಒಂದು ಬೆನ್ನಿಗೆ ಹಿಡಿಸತಕ್ಕದ್ದಲ್ಲ. ಮೇಲಾಗಿ ಇಂಥ ಯಂತ್ರದಲ್ಲಿ ಉರಿದ ಇದ್ದಲಿನ ನೂರು ಪಾಲು ಶಾಖದಲ್ಲಿ ಕೆಲಸವಾಗಿ ಪರಿಣಮಿಸುವುದು ನಾಲ್ಕೈದು ಪಾಲು ಮಾತ್ರ. ಮಿಕ್ಕದ್ದೆಲ್ಲವೂ ಹೊಗೆ, ಬಿಸಿಯುಗಿ, ಕಾದ ಲೋಹಗಳಾಗಿ ಕವಚಧಾರಿಯ ಸುತ್ತಲೇ ಸುಳಿಯುತ್ತಿರುತ್ತದೆ.

ಈ ಲೆಕ್ಕವನ್ನು ಮೊದಲ ಕಥೆಗಾರರು ಮರೆತಿರಲಿಲ್ಲ. ಅಮೆರಿಕದ ನ್ಯೂಆರ್ಕ್ ಪಟ್ಟಣದ ಜಡೊಕ್ ಡೆಡೆರಿಕ್ ಮತ್ತು ಐಸಾಕ್ ಗ್ರಾಸ್ ಎಂಬವರು 1868ರಲ್ಲಿ ಒಂದು ‘ಉಗಿಮನುಷ್ಯ’ನಿಗೆ ಪೇಟೆಂಟು ಪಡೆದರು. ಏಳು ಅಡಿ ಒಂಬತ್ತು ಅಂಗುಲದ ಎತ್ತರ, 500 ಪೌಂಡು ತೂಕ, ಮೂರು ಕುದುರೆಬಲ. ತಲೆಯ ಮೇಲಿನ ಟೋಪಿಯೇ ಹೊಗೆಕೊಳವೆ. ಅದೇ ವರ್ಷ ಎಡ್ವರ್ಡ್ ಎಲ್ಲಿಸ್ ಎಂಬವನು ‘ದಿ ಸ್ಟೀಂ ಮ್ಯಾನ್ ಆಫ್ ದಿ ಪ್ರೇರೀಸ್’ ಎಂಬ ಅಗ್ಗದ ಕಾದಂಬರಿಯನ್ನು ಪ್ರಕಟಿಸಿದನು. ಅದು ದೊಡ್ಡ ಸಾಹಿತ್ಯವಲ್ಲ. ಅಲ್ಲಿಯ ಮೂಲನಿವಾಸಿಗಳ ಚಿತ್ರಣವಂತೂ ಇಂದು ಓದಲು ನಾಚಿಕೆಯನ್ನು ತರುತ್ತದೆ. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆಯಿದೆ: ಕಬ್ಬಿಣದ ಆಳು ತನ್ನ ಉರುವಲನ್ನು ತಾನೇ ಹೊರುವುದಿಲ್ಲ, ಹಿಂದೆ ಒಂದು ಬಂಡಿಯನ್ನು ಎಳೆಯುತ್ತಾನೆ. ಸಾರಥಿಯು ಕುಳಿತಿರುವುದೂ ಆ ಬಂಡಿಯಲ್ಲಿಯೇ.

ಜೂಲ್ಸ್ ವೆರ್ನನ ‘ಉಗಿಯ ಮನೆ’ (1880) ಇದಕ್ಕಿಂತ ಬಹಳ ಮೇಲ್ತರದ ಕೃತಿ. ಕಥೆ ನಡೆಯುವುದು ನಮ್ಮ ದೇಶದಲ್ಲಿಯೇ, 1857ರ ದಂಗೆಯಾದ ಹತ್ತು ವರ್ಷಗಳ ತರುವಾಯ. ಉಕ್ಕಿನ ಆನೆಯೊಂದು ಸೊಂಡಿಲಿನಿಂದ ಹೊಗೆಯುಗುಳುತ್ತ ಎರಡು ಗಾಲಿಮನೆಗಳನ್ನು ಉತ್ತರ ಹಿಂದೂಸ್ಥಾನದ ದಾರಿಗಳಲ್ಲಿ ಎಳೆದೊಯ್ಯುತ್ತದೆ. ಯಂತ್ರಕ್ಕೆ ಮನುಷ್ಯನ ರೂಪವನ್ನು ಬಿಟ್ಟು ಆನೆಯ ರೂಪವನ್ನು ಕೊಟ್ಟದ್ದರಲ್ಲಿಯೇ ವೆರ್ನನ ಜಾಣ್ಮೆಯಿದೆ. ಹಂಡೆಗೆ ಹೊಟ್ಟೆಬೇಕು, ಆನೆಗೆ ಹೊಟ್ಟೆಯಿದೆ. ದಂಗೆಯನ್ನು ಕುರಿತ ಅವನ ದೃಷ್ಟಿ ಪಕ್ಷಪಾತದಿಂದ ಮುಕ್ತವಲ್ಲವೆಂಬುದನ್ನು ಇಲ್ಲಿಯ ವಾಚಕರಿಗೆ ಹೇಳಬೇಕಾದುದೇ ಇಲ್ಲ.

ಈ ಎರಡು ಕಥೆಗಳ ಮುಕ್ತಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಶೇಷ ತೋರುತ್ತದೆ. ಎಲ್ಲಿಸನ ಉಗಿಮನುಷ್ಯನು ಶತ್ರುಗಳ ನಡುವೆ ಹಂಡೆ ಸಿಡಿದು ಚೂರಾಗುತ್ತಾನೆ. ವೆರ್ನನ ಆನೆಯೂ ಹಾಗೆಯೇ ಸಿಡಿಯುತ್ತದೆ, ಸೆರೆಸಿಕ್ಕ ನಾನಾಸಾಹೇಬನನ್ನು ಮೈಗೆ ಕಟ್ಟಿಸಿಕೊಂಡು. ಒಬ್ಬನಿಂದ ಇನ್ನೊಬ್ಬನು ಎತ್ತಿಕೊಂಡನೆಂದು ಊಹಿಸಬೇಕಾಗಿಲ್ಲ. ನೀರು ಉಗಿಯಾದಾಗ ತನ್ನ ಗಾತ್ರದ ಸುಮಾರು 1,700 ಪಟ್ಟು ಹಿಗ್ಗುತ್ತದೆಂಬುದನ್ನು ಆ ಕಾಲದ ಓದುಗರು ಪುಸ್ತಕದಿಂದ ಕಲಿತವರಲ್ಲ. 1865ರಲ್ಲಿ ಮಿಸಿಸಿಪ್ಪಿ ನದಿಯಲ್ಲಿ ‘ಸುಲ್ತಾನಾ’ ಎಂಬ ಹಡಗಿನ ಹಂಡೆಗಳು ಸಿಡಿದು ಸಾವಿರಕ್ಕೂ ಮಿಕ್ಕಿ ಜನ ಸತ್ತಿದ್ದರು. ಹಂಡೆಯೆಂದರೆ ಸಾವು ಎಂಬ ಭಯ ಅವರ ಮನಸ್ಸಿನಲ್ಲಿ ನೆಲಸಿತ್ತು. ಕಥೆ ಆ ಭಯವನ್ನೇ ಉಂಡು ಬೆಳೆಯಿತು. ಇಂದಿನ ಉಗಿಗವಚದ ಕಥೆಗಳಲ್ಲಿ ಕಾಣದೆ ಹೋಗಿರುವುದು ಮುಖ್ಯವಾಗಿ ಇದೇ. ಬೆನ್ನಿಗೆ ಹಂಡೆಯನ್ನು ಕಟ್ಟಿಕೊಂಡವನು ಎದುರಿನ ಕತ್ತಿಗಿಂತ ಹೆಚ್ಚಾಗಿ ತನ್ನ ಬೆನ್ನಿಗೇ ಅಂಜಬೇಕು. ವೀರ, ಭಯಾನಕಗಳು ಒಂದೇ ಮೈಯಲ್ಲಿ ಕೂಡುವ ಇಂಥ ಸಂದರ್ಭವನ್ನು ಕೈಯಾರೆ ಬಿಟ್ಟು, ಎದೆಯ ಮೇಲೆ ನಾಲ್ಕು ಹಲ್ಲುಗಾಲಿಗಳನ್ನು ಅಂಟಿಸಿ ತೃಪ್ತರಾಗುವುದು ದಾರಿದ್ರ್ಯವೇ ಸರಿ.

ಉಗಿಯನ್ನು ತೊಡುವ ಆಲೋಚನೆ ಕೇವಲ ಕಥೆಯದಲ್ಲ. 1917ರಲ್ಲಿ ಲೆಸ್ಲಿ ಕೆಲ್ಲಿ ಎಂಬ ಅಮೆರಿಕದವನು ‘ಪೆಡೊಮೋಟರ್’ ಎಂಬ ಸಾಧನವನ್ನು ಕಲ್ಪಿಸಿದನು. ಸಣ್ಣ ಉಗಿಯಂತ್ರವೊಂದು ಕೃತಕ ಸ್ನಾಯುಗಳನ್ನು ಎಳೆದು, ತೊಟ್ಟವನ ಕಾಲುಗಳಿಗೆ ಓಟದಲ್ಲಿ ನೆರವಾಗಬೇಕೆಂಬುದು ಅವನ ಉದ್ದೇಶ. ಆದರೆ ಬಲವನ್ನು ಕೊಡುವುದಕ್ಕಿಂತ ಕಷ್ಟವಾದದ್ದು ಬಲವನ್ನು ಅಂಕೆಯಲ್ಲಿಡುವುದು. ತೋಳು ಒಂದು ಗೇಣು ಎತ್ತಿದರೆ ಕವಚವೂ ಒಂದು ಗೇಣು ಎತ್ತಿ ನಿಲ್ಲಬೇಕು. ನಿಲ್ಲದಿದ್ದರೆ ತೊಟ್ಟವನ ತೋಳೇ ಮುರಿಯುತ್ತದೆ. ಇದಕ್ಕೆ ಉಗಿಯುಗವೇ ಉಪಾಯವನ್ನು ಕಂಡುಕೊಂಡಿತ್ತೆಂಬುದನ್ನು ಇಂದಿನ ಕಥೆಗಾರರು ಗಮನಿಸಿದಂತಿಲ್ಲ. 1866ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆಗೆ ಮಕ್‌ಫಾರ್ಲೇನ್ ಗ್ರೇ ಅಳವಡಿಸಿದ ಚುಕ್ಕಾಣಿಯಂತ್ರದಲ್ಲಿ, ಚಕ್ರವು ಎಷ್ಟು ತಿರುಗಿತೋ ಅಷ್ಟು ಮಾತ್ರ ಚುಕ್ಕಾಣಿ ತಿರುಗಿ, ಆ ಚಲನೆಯೇ ಉಗಿಯ ಬಾಗಿಲನ್ನು ಮುಚ್ಚುತ್ತಿತ್ತು. 1873ರಲ್ಲಿ ಫ್ರಾನ್ಸಿನ ಫಾರ್ಕೋ ಇಂಥ ಯಂತ್ರಕ್ಕೆ ‘ಸರ್ವೋಮೋಟರ್’ ಎಂದು, ಎಂದರೆ ಯಂತ್ರದಾಸನೆಂದು, ಹೆಸರಿಟ್ಟು ಗ್ರಂಥವನ್ನೇ ಬರೆದನು. ದಾಸನು ಒಡೆಯನ ಇಂಗಿತವನ್ನು ಮೀರಿದರೆ ಆಗುವ ಅನರ್ಥಕ್ಕೆ ಸಾಕ್ಷಿ ಬೇಕಾದರೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆ 1960ರ ದಶಕದಲ್ಲಿ ಕಟ್ಟಿದ ‘ಹಾರ್ಡಿಮನ್’ ಎಂಬ ತೊಡುವ ಯಂತ್ರವಿದೆ. ಅದಕ್ಕೆ ಉಗಿಯ ಹಂಗಿರಲಿಲ್ಲ. ತೂಕ ಮಾತ್ರ ಸುಮಾರು 1,500 ಪೌಂಡು. ಇಡೀ ಯಂತ್ರವನ್ನು ಒಮ್ಮೆಗೇ ನಡೆಯಿಸಲು ಹೋದರೆ ಅಂಕೆತಪ್ಪಿ ಅದುರುತ್ತಿತ್ತಾದ್ದರಿಂದ ಕೊನೆಗೆ ಒಂದು ತೋಳಷ್ಟೇ ಕೆಲಸಕ್ಕೆ ಬಂದಿತು.

ಹಾಗಾದರೆ ಕಲ್ಪಿತ ಲೋಕದಲ್ಲಿ ಉಗಿಗವಚವೇ ಇರಕೂಡದೆ? ಧಾರಾಳವಾಗಿ ಇರಬಹುದು, ಆದರೆ ಕವಚದೊಡನೆ ಅದರ ಸಂಸಾರವೂ ಬರಬೇಕು. ನೈಟನಿಗೆ ಕುದುರೆಯಾಳು ಇದ್ದಂತೆ ಇವನಿಗೆ ಬೆಂಕಿಯಾಳು ಬೇಕು, ನೀರಿನ ಬಂಡಿ ಬೇಕು. ನಸುಕಿನಲ್ಲಿಯೇ ಒಲೆ ಹೊತ್ತಿಸಬೇಕಾದುದರಿಂದ ದಂಡಿನ ಸುದ್ದಿ ಹೊಗೆಯ ಮೂಲಕ ಶತ್ರುವಿಗೆ ಮೊದಲೇ ಮುಟ್ಟುತ್ತದೆ. ಗಡಸು ನೀರಿನ ಸೀಮೆಯಲ್ಲಿ ಕೊಳವೆಗಳಿಗೆ ಸುಣ್ಣ ಕಟ್ಟುವುದರಿಂದ, ಮೆದುನೀರಿನ ಕೆರೆಯುಳ್ಳ ಬಡ ಹಳ್ಳಿಯೊಂದಕ್ಕಾಗಿ ಎರಡು ರಾಜ್ಯಗಳು ಕಾದಾಡಬಹುದು. ವೀರನ ಪರಾಕ್ರಮವು ಇದ್ದಲು ತುಂಬುವ ಹುಡುಗನ ಕೈಯಲ್ಲಿದೆಯೆಂಬ ಒಂದೇ ಸಂಗತಿಯಿಂದ ಎಷ್ಟು ನಾಟಕಗಳು ಹುಟ್ಟಲಾರವು!

ಜಪಾನಿನ ಕತ್ಸುಹಿರೊ ಒಟೊಮೊನ ‘ಸ್ಟೀಂಬಾಯ್’ (2004) ಎಂಬ ಚಿತ್ರಪಟವು ಬೇರೊಂದು ದಾರಿ ಹಿಡಿದಿದೆ. 1866ರ ಇಂಗ್ಲೆಂಡಿನಲ್ಲಿ ನಡೆಯುವ ಆ ಕಥೆಯಲ್ಲಿ ಉಗಿಗವಚದ ಸಿಪಾಯಿಗಳೂ ಇದ್ದಾರೆ. ಅಪಾರ ಒತ್ತಡದ ಉಗಿಯನ್ನು ಒಂದು ಲೋಹದ ಚೆಂಡಿನಲ್ಲಿ ಅಡಗಿಸಿದರೆಂಬ ಒಂದೇ ಒಂದು ಅಸಂಭವವನ್ನು ಒಟೊಮೊ ನೋಡುವವರಿಂದ ಸಾಲವಾಗಿ ಕೇಳುತ್ತಾನೆ. ಉಳಿದೆಡೆ ಕೊಳವೆ ಬಿರಿಯುತ್ತದೆ, ಕೈ ಸುಡುತ್ತದೆ, ಯಂತ್ರ ಕೆಡುತ್ತದೆ. ಆ ಚೆಂಡು ಯಾರ ಕೈ ಸೇರಬೇಕೆಂದು ಅಜ್ಜನಿಗೂ ತಂದೆಗೂ ನಡೆಯುವ ಜಗಳದಲ್ಲಿಯೇ ಚಿತ್ರದ ಪ್ರಾಣವಿದೆ. ಕೊನೆಯ ಭಾಗದ ಅತಿಯಾದ ಗದ್ದಲದಲ್ಲಿ ಆ ಜಗಳವು ಕೇಳಿಸದೆ ಹೋಗುವುದು ಮಾತ್ರ ದೋಷ.