ಬಾಗಿಲಲ್ಲಿ ಕಾದ ನಾಯಿ

ನಾಟಕ ಬರೆಯುವುದನ್ನು ಕಲಿಸಲು ಬರುತ್ತದೆಯೇ? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1984ರಿಂದ ಎರಡು ದಶಕಕ್ಕೂ ಮೀರಿ ನಾಟಕರಚನೆಯ ಸ್ನಾತಕೋತ್ತರ ತರಗತಿ ನಡೆಸಿದ ಪೌಲಾ ವೋಗೆಲ್ ಅವರನ್ನು ನೆನೆದಾಗಲೆಲ್ಲ, ಖಂಡಿತ ಬರುತ್ತದೆ ಅನ್ನಿಸುತ್ತದೆ ನನಗೆ. ನಾಟಕದಲ್ಲಿ ಬರಲೇಬೇಕಾದ ನಾಲ್ಕಾರು ಸಾಮಗ್ರಿ ಹೆಸರಿಸಿ, 48 ಗಂಟೆಯೊಳಗೆ ನಾಟಕ ಬರೆದು ತನ್ನಿ ಎನ್ನುವುದು ಅವರ ಹೆಸರುವಾಸಿ ಅಭ್ಯಾಸ. ತಿದ್ದುತ್ತ ಕೂರಲು ಪುರಸೊತ್ತಿಲ್ಲ. ಒಳಗೆ ಹೆಪ್ಪುಗಟ್ಟಿದ್ದು ಹೊರಬರಲೇಬೇಕು.

ಒಮ್ಮೆ, ನಾಯಿಯೇ ಮುಖ್ಯಪಾತ್ರವಾಗಿರಲಿ ಎಂದರು. ತಂದೆಯನ್ನು ಕಳೆದುಕೊಂಡಿದ್ದ ಸಾರಾ ರೂಲ್ ಆಗಿನ್ನೂ ಪದವಿ ವಿದ್ಯಾರ್ಥಿನಿ. ಅಂತ್ಯಕ್ರಿಯೆಗೆ ಹೋದ ಮನೆಯವರು ಮರಳುವುದನ್ನೇ ಬಾಗಿಲಲ್ಲಿ ಕಾಯುವ ನಾಯಿಯನ್ನು ಬರೆದರು. ನೇರ ಹೇಳಲಾಗದ ದುಃಖಕ್ಕೆ ಆ ಕಟ್ಟಳೆಯೇ ದಾರಿಯಾಯಿತು. ಮುಂದೆ ಅದೇ ಗುರುವಿನ ಬಳಿ ಸ್ನಾತಕೋತ್ತರವನ್ನೂ ಓದಿದರು.

ಅದೇ ತರಗತಿಯಲ್ಲಿ ಕಲಿತ ನಿಲೋ ಕ್ರೂಜ್‌ಗೆ 2003ರಲ್ಲಿ ನಾಟಕದ ಪುಲಿಟ್ಜರ್ ಪ್ರಶಸ್ತಿ ಬಂತು. ನನ್ನ ಮನಸ್ಸು ಮಾತ್ರ ಆ ನಾಯಿಯ ಪಕ್ಕದಲ್ಲೇ ಕೂತಿದೆ.