ಒಂದೇ ಹಾಳೆಯ ಯೋಜನೆ

ಮೂರ್ನಾಲ್ಕು ಜನರ ತಂಡ, ಒಂದು ಸಣ್ಣ ಜಾಲತಾಣವನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸ. ಇಷ್ಟಕ್ಕೆ ಗ್ಯಾಂಟ್ ಚಾರ್ಟ್, ವಾರದ ವರದಿ ಎಲ್ಲ ಹೊರೆಯೇ. ಒಂದು ಹಾಳೆಯ ಚೆಕ್‌ಲಿಸ್ಟ್ ಸಾಕು, ಆದರೆ ಅದನ್ನು ಬರೆಯುವ ಕೈ ಪಳಗಿರಬೇಕು.

‘ಬ್ಯಾಕಪ್ ಆಗಿದೆಯೇ’ ಎಂದಿದ್ದರೆ ಎಲ್ಲರೂ ಟಿಕ್ ಹಾಕಿಬಿಡುತ್ತಾರೆ. ‘ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದವರು ಯಾರು, ಯಾವಾಗ’ ಎಂದಿದ್ದರೆ ಒಬ್ಬರಾದರೂ ಎದ್ದು ಹೋಗಿ ನೋಡಲೇಬೇಕು. ಡಿಎನ್‌ಎಸ್ ಸಾಲನ್ನೇ ತೆಗೆದುಕೊಳ್ಳಿ. ಟಿಟಿಎಲ್, ಅಂದರೆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ, 86,400 ಸೆಕೆಂಡ್ ಇದ್ದರೆ, ವಿಳಾಸ ಬದಲಿಸಿದ ಮೇಲೂ ಕೆಲವರು ಒಂದಿಡೀ ದಿನ ಹಳೆಯ ಸರ್ವರ್‌ಗೇ ಹೋಗುತ್ತಿರಬಹುದು. ಅದನ್ನು 300ಕ್ಕೆ ಇಳಿಸುವುದು ಹಿಂದಿನ ದಿನವೇ ಮುಗಿದಿರಬೇಕು. ಸಾಗಣೆಯ ರಾತ್ರಿ ನೆನಪಾದರೆ ಏನೂ ಪ್ರಯೋಜನವಿಲ್ಲ. ಆ ಸಾಲು ಪಟ್ಟಿಯಲ್ಲಿ ಎಲ್ಲಿದೆ ಎಂಬುದರಲ್ಲೇ ಬರೆದವರ ಅನುಭವ ಗೊತ್ತಾಗುತ್ತದೆ.

ಅನುಭವವಿದ್ದರೂ ಪಟ್ಟಿ ಬೇಕು. 1935ರಲ್ಲಿ ಬೋಯಿಂಗ್‌ನ ಮಾಡೆಲ್ 299 ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿದ್ದದ್ದು ನುರಿತ ಪೈಲಟ್‌ಗಳ ಕೈಯಲ್ಲೇ. ಹಾರಾಟ ನಿಯಂತ್ರಿಸುವ ಫಲಕಗಳ ಲಾಕ್ ತೆಗೆಯುವುದು ಮರೆತುಹೋಗಿತ್ತು. ಪೈಲಟ್‌ಗಳ ಚೆಕ್‌ಲಿಸ್ಟ್ ರೂಢಿಯಾದದ್ದು ಆಮೇಲೆ.

ನನಗೆ ತುಂಬಾ ಇಷ್ಟದ ಸಾಲು ಇದು: ‘ಬೆಳಗಿನ ನಾಲ್ಕರೊಳಗೆ ಲಾಗಿನ್ ಆಗದಿದ್ದರೆ ಹಳೆಯ ಸರ್ವರ್‌ಗೆ ಮರಳುವುದು’, ಪಕ್ಕದಲ್ಲಿ ನಿರ್ಧರಿಸುವವರ ಹೆಸರು. ನಿದ್ದೆಗೆಟ್ಟ ಹೊತ್ತಿನಲ್ಲಿ ವಾದಕ್ಕೆ ಕೂರಬೇಕಿಲ್ಲ, ಅದು ಹಗಲಲ್ಲೇ ತೀರ್ಮಾನವಾಗಿರುತ್ತದೆ.