ಬರೆಯದೇ ಬಿಟ್ಟ ಸಾಲು

ಭಾನುವಾರ ಬೆಳಗ್ಗೆ ಪದಬಂಧ ಬಿಡಿಸುವವರಿದ್ದಾರೆ. ನನ್ನ ಚಟ ಬೇರೆ: ಯಾವುದಾದರೂ ವರ್ಡ್‌ಪ್ರೆಸ್ ಪ್ಲಗಿನ್ನಿನ ಹಳೆಯ ಆವೃತ್ತಿಯನ್ನೂ ಹೊಸದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಏನು ಬದಲಾಗಿದೆ ಎಂದು ಹುಡುಕುವುದು. ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಲ್ಲಿ ಉಚಿತ ಪ್ಲಗಿನ್‌ಗಳ ಕೋಡ್ ಹಳೆಯ ಆವೃತ್ತಿಗಳ ಸಮೇತ ಯಾರು ಬೇಕಾದರೂ ಓದುವಂತೆ ತೆರೆದಿರುತ್ತದೆ. ಬದಲಾವಣೆಗಳ ಪಟ್ಟಿಯಲ್ಲಿ ‘ಸಣ್ಣಪುಟ್ಟ ಸುಧಾರಣೆ’ ಎಂದಷ್ಟೇ ಇದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ತೆರೆದು ನೋಡಿದರೆ ಎಷ್ಟೋ ಸಲ ಹೊಸದಾಗಿ ಸೇರಿರುವುದು ಒಂದೇ ಸಾಲು: ಕೇಳುತ್ತಿರುವವರಿಗೆ ಈ ಕೆಲಸ ಮಾಡಿಸುವ ಅಧಿಕಾರ ಇದೆಯೇ ಎಂಬ ತಪಾಸಣೆ. ಅಂದರೆ ನಿನ್ನೆಯವರೆಗೂ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. (ದಾಳಿಕೋರರಿಗೂ ಇದೇ ಚಟ ಇದೆ. ಅಪ್‌ಡೇಟ್ ಮುಂದೂಡುವವರು ಇದನ್ನು ನೆನಪಿಡಲಿ.)

ಉಳಿದ ದೋಷಗಳಲ್ಲಿ ಬೆರಳಿಟ್ಟು ತೋರಿಸಲು ಕೆಟ್ಟ ಸಾಲೊಂದಾದರೂ ಸಿಗುತ್ತದೆ. ಇಲ್ಲಿ ಬರೆದದ್ದೆಲ್ಲ ಸರಿಯಾಗಿಯೇ ಇರುತ್ತದೆ. ಕೋಡ್ ಹೇಳಿದ ಕೆಲಸ ಮಾಡುತ್ತದೆ, ಯಾರು ಹೇಳಿದರೂ ಮಾಡುತ್ತದೆ. ಪ್ಲಗಿನ್ ಬರೆದವರು ತಾವೇ ಅಡ್ಮಿನ್ ಆಗಿ ಲಾಗಿನ್ ಆಗಿ ಪರೀಕ್ಷಿಸಿ ನೋಡುವುದರಿಂದ ಅವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ವೆಬ್ ಸುರಕ್ಷತೆಯ ಕೆಲಸ ಮಾಡುವ ಒವಾಸ್ಪ್ ಸಂಸ್ಥೆಯ ಹತ್ತು ಅಪಾಯಗಳ ಪಟ್ಟಿಯಲ್ಲಿ 2017ರಲ್ಲಿ ಐದನೆಯದಾಗಿದ್ದ ಈ ಜಾತಿಯ ದೋಷ, 2021ರಲ್ಲಿ ಮೊದಲನೆಯದಾಯಿತು.

ಇಂಥ ಪ್ರಕರಣಗಳ ನನ್ನ ಸಂಗ್ರಹದಲ್ಲಿ ಒಂದನ್ನೇ ಉಳಿಸಿಕೋ ಎಂದರೆ ನಾನು 2018ರ ನವೆಂಬರಿನ ‘ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್’ ಪ್ರಕರಣವನ್ನು ಆರಿಸುತ್ತೇನೆ. ಆ ವರ್ಷದ ಮೇ 25ರಿಂದ ಯುರೋಪಿನಲ್ಲಿ ಖಾಸಗಿ ಮಾಹಿತಿ ರಕ್ಷಣೆಯ ಬಿಗಿ ಕಾನೂನು ಜಾರಿಯಾಗಿತ್ತು. ಅದನ್ನು ಪಾಲಿಸಲು ನೆರವಾಗುತ್ತೇನೆಂದು ಬಂದ ಈ ಪ್ಲಗಿನ್ ಒಂದು ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು. 1.4.2ರವರೆಗಿನ ಆವೃತ್ತಿಗಳಲ್ಲಿ, ಸೆಟ್ಟಿಂಗ್ ಉಳಿಸುವ ಕೋಡನ್ನು ಲಾಗಿನ್ ಆಗದ ಅಪರಿಚಿತನೂ ಕರೆಯಬಹುದಿತ್ತು. ಅದು ತನ್ನ ಸೆಟ್ಟಿಂಗ್ ಇರಲಿ, ಇಡೀ ಸೈಟ್‌ನ ಯಾವ ಸೆಟ್ಟಿಂಗನ್ನಾದರೂ ಬದಲಿಸಿಕೊಡುತ್ತಿತ್ತು. ದಾಳಿಕೋರರು ಮೊದಲು ಹೊಸಬರ ನೋಂದಣಿಯನ್ನು ಚಾಲೂ ಮಾಡಿದರು. ಹೊಸಬರಿಗೆ ತಾನಾಗಿ ಸಿಗುವ ಪಾತ್ರವನ್ನು ‘ಅಡ್ಮಿನಿಸ್ಟ್ರೇಟರ್’ ಎಂದು ಬದಲಿಸಿದರು. ಆಮೇಲೆ ಎಲ್ಲರಂತೆ ಫಾರಂ ತುಂಬಿ ನೋಂದಾಯಿಸಿಕೊಂಡರು. ಪಾಸ್‌ವರ್ಡ್ ಕದಿಯಲಿಲ್ಲ, ಏನನ್ನೂ ಒಡೆಯಲಿಲ್ಲ! ಕೆಲಸ ಮುಗಿದ ಮೇಲೆ ಕೆಲವರು ನೋಂದಣಿಯನ್ನು ಮತ್ತೆ ಬಂದ್ ಮಾಡಿಯೂ ಹೋದರು. ಮಾಲೀಕನಿಗೆ ಅನುಮಾನ ಬರದಿರಲಿ, ಇನ್ನೊಬ್ಬ ಕಳ್ಳ ನುಗ್ಗದಿರಲಿ ಎಂದಿರಬೇಕು. ಆ ಸೈಟ್‌ಗಳ ಭದ್ರತೆಯ ಬಗ್ಗೆ ಪ್ಲಗಿನ್ನಿಗಿಂತ ಅವರಿಗೇ ಹೆಚ್ಚು ಕಾಳಜಿ ಇತ್ತು.

ಆ ಕೋಡ್‌ನಲ್ಲಿ ತಪಾಸಣೆಯೇ ಇರಲಿಲ್ಲ ಎಂದರೆ ಅನ್ಯಾಯವಾದೀತು. ನಾನ್ಸ್ ಇತ್ತು, ಅಂದರೆ ಪುಟದ ಜೊತೆ ಬರುವ, ಸೀಮಿತ ಅವಧಿಯ ಒಂದು ಸಂಕೇತ. ಆದರೆ ಮುಖಪುಟಕ್ಕೆ ಬಂದವರಿಗೆಲ್ಲ ಅದನ್ನು ಹಂಚಲಾಗುತ್ತಿತ್ತು. ನಾನ್ಸ್ ಇರುವುದು ಲಾಗಿನ್ ಆದವರ ಬ್ರೌಸರಿನಿಂದ ಅವರಿಗೇ ತಿಳಿಯದಂತೆ ಕೆಲಸ ಮಾಡಿಸುವ ಮೋಸವನ್ನು ತಡೆಯಲು. ಅಧಿಕಾರದ ಪ್ರಶ್ನೆಗೆ ಅದನ್ನು ನೆಚ್ಚಬೇಡಿ ಎಂದು ವರ್ಡ್‌ಪ್ರೆಸ್ ಕೈಪಿಡಿಯೇ ಹೇಳುತ್ತದೆ. ಕೈಪಿಡಿ ಓದುವವರು ಯಾರು?

ನನ್ನ ಮೆಚ್ಚಿನ ಇನ್ನೊಂದು ಬಲೆ ‘ಈಸ್ ಅಡ್ಮಿನ್’ ಎಂಬ ಫಂಕ್ಷನ್. ಕೇಳುತ್ತಿರುವವರು ಅಡ್ಮಿನ್ ಹೌದೋ ಅಲ್ಲವೋ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಕೋರಿಕೆ ಅಡ್ಮಿನ್ ವಿಭಾಗದ ವಿಳಾಸಕ್ಕೆ ಬಂದಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಅದನ್ನು ನಂಬಿ ಬಾಗಿಲು ತೆರೆಯುವುದೆಂದರೆ, ಮದುವೆಮನೆಯ ಅಡುಗೆಕೋಣೆಯಲ್ಲಿ ನಿಂತವರನ್ನೆಲ್ಲ ಅಡುಗೆ ಭಟ್ಟರೆಂದು ನಂಬಿ ಉಗ್ರಾಣದ ಬೀಗದ ಕೈ ಕೊಟ್ಟಂತೆ. ಲಾಗಿನ್ ಆಗದವರ ಕೋರಿಕೆಗಳನ್ನೂ ಸ್ವೀಕರಿಸುವ ಅಡ್ಮಿನ್-ಏಜಾಕ್ಸ್, ಅಡ್ಮಿನ್-ಪೋಸ್ಟ್ ಕಡತಗಳು ಇರುವುದು ಅದೇ ವಿಭಾಗದಲ್ಲಿ. 2019ರ ಮಾರ್ಚಿನಲ್ಲಿ ‘ಸೋಷಿಯಲ್ ವಾರ್‌ಫೇರ್’ ಪ್ಲಗಿನ್ ಎಡವಿದ್ದು ಇಲ್ಲೇ. ಬೇರೆ ಸರ್ವರಿನಿಂದ ಸೆಟ್ಟಿಂಗ್ ತರಿಸಿಕೊಳ್ಳುವ ಅದರ ಸೌಲಭ್ಯಕ್ಕೆ ಇದ್ದ ಕಾವಲು ಈ ಫಂಕ್ಷನ್ ಒಂದೇ. ಹೀಗೆ ಹೆಸರಿಟ್ಟವರಿಗೂ ಬೈಗುಳದಲ್ಲಿ ಅರ್ಧ ಪಾಲು ಸಲ್ಲಬೇಕು.

2020ರ ಸೆಪ್ಟೆಂಬರಿನ ‘ಫೈಲ್ ಮ್ಯಾನೇಜರ್’ ಪ್ರಕರಣ ಗಾತ್ರದಲ್ಲಿ ದೊಡ್ಡದು, ಏಳು ಲಕ್ಷಕ್ಕೂ ಹೆಚ್ಚು ಸೈಟ್‌ಗಳದ್ದು. ಆದರೆ ಅದರಲ್ಲಿ ನನಗೆ ಅಂಥ ಸ್ವಾರಸ್ಯ ಕಾಣುವುದಿಲ್ಲ. ಎಲ್‌ಫೈಂಡರ್ ಲೈಬ್ರರಿಯ ಜೊತೆ ಬಂದ ಮಾದರಿ ಕಡತವೊಂದರ ಹೆಸರಿನ ಬಾಲ ಕತ್ತರಿಸಿದ್ದರಿಂದ ಅದು ಓಡುವ ಪಿಎಚ್‌ಪಿ ಆಯಿತು, ಯಾರು ಬೇಕಾದರೂ ಸರ್ವರಿಗೆ ಕಡತ ಏರಿಸುವಂತಾಯಿತು. ಅಷ್ಟೇ.

ಅದಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ಅದೇ ವರ್ಷದ ಆಗಸ್ಟಿನಲ್ಲಿ ಬಂದ ವರ್ಡ್‌ಪ್ರೆಸ್ 5.5. ಬೇರೆ ಪ್ರೋಗ್ರಾಂಗಳು ಸೈಟ್‌ನೊಡನೆ ಮಾತಾಡುವ ರೆಸ್ಟ್ ಎಪಿಐನಲ್ಲಿ ಹೊಸ ದಾರಿ ತೆರೆಯುವ ಪ್ಲಗಿನ್, ಅಲ್ಲಿ ಯಾರಿಗೆ ಪ್ರವೇಶ ಎಂದು ನಿರ್ಧರಿಸುವ ‘ಪರ್ಮಿಷನ್ ಕಾಲ್‌ಬ್ಯಾಕ್’ ಬರೆಯದಿದ್ದರೆ ಆಗಿನಿಂದ ಎಚ್ಚರಿಕೆ ಬರುತ್ತದೆ. ಬಿಟ್ಟುಹೋದ ಸಾಲು ಬಿಟ್ಟುಹೋಗಿದೆ ಎಂದು ಯಂತ್ರವೇ ಹೇಳುವುದು ಒಳ್ಳೆಯ ಬೆಳವಣಿಗೆಯೇ. ಆದರೆ ಆ ಕಿರಿಕಿರಿಯನ್ನು ತಪ್ಪಿಸಿಕೊಳ್ಳುವ ಉಪಾಯವೂ ಜೊತೆಗೇ ಇದೆ: ‘ರಿಟರ್ನ್ ಟ್ರೂ’ ಎಂದು ಬರೆದರೆ ಮುಗಿಯಿತು, ಕೇಳಿದವರಿಗೆಲ್ಲ ಹೌದು. ಸಾರ್ವಜನಿಕ ಮಾಹಿತಿ ಕೊಡುವಲ್ಲಿ ಅದು ತಪ್ಪೇನಲ್ಲ. ಹಾಗಾಗಿ ಹೊಸ ಪ್ಲಗಿನ್ ಸಿಕ್ಕಾಗ ನಾನು ಮೊದಲು ಹುಡುಕುವುದು ಆ ಎರಡು ಪದಗಳನ್ನು. ಸಿಕ್ಕ ಕಡೆಯಲ್ಲೆಲ್ಲ, ಅದರ ಹಿಂದಿರುವ ಕೋಡ್ ಡೇಟಾಬೇಸಿನಲ್ಲಿ ಏನನ್ನಾದರೂ ಬರೆಯುತ್ತದೆಯೇ, ಅಳಿಸುತ್ತದೆಯೇ ಎಂದು ನೋಡುತ್ತೇನೆ. ಓದಿ ತೋರಿಸುವುದಷ್ಟೇ ಆದರೆ, ಗುಟ್ಟಿನದ್ದೇನೂ ಇಲ್ಲವೆಂದು ಖಚಿತಪಡಿಸಿಕೊಂಡು ಮುಂದಿನದಕ್ಕೆ. ಬರೆಯುವಂತಿದ್ದರೆ ಆ ಭಾನುವಾರದ ತಿಂಡಿ ತಡ.